ಪ್ಲಾಸ್ಟಿಕ್ ತಿನ್ನುವ ಮೀನು, ಪ್ರಶ್ನೆ ಕೇಳುವ ವಿದ್ಯಾರ್ಥಿ

ಸಮುದ್ರದ ಹಕ್ಕಿಗಳ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಸಿಗುತ್ತದೆ ಅನ್ನುವುದು ಈಗ ಹೊಸ ಸುದ್ದಿಯಲ್ಲ. ಆಮೆ, ಮೀನು, ತಿಮಿಂಗಿಲ, ಎಲ್ಲದರ ಹೊಟ್ಟೆಯಲ್ಲೂ ಸಿಕ್ಕಿದೆ. ಆದರೆ ಅವು ಅದನ್ನು ತಿನ್ನುವುದಾದರೂ ಯಾಕೆ? ತಲೆತಲಾಂತರದಿಂದ ಸಮುದ್ರದಲ್ಲೇ ಹೊಟ್ಟೆ ಹೊರೆದುಕೊಂಡು ಬಂದ ಪ್ರಾಣಿಗೆ ಊಟ ಯಾವುದು, ಕಸ ಯಾವುದು ಅಂತ ಗೊತ್ತಾಗುವುದಿಲ್ಲವಾ? ಬಹಳ ಕಾಲ ಇದಕ್ಕೆ ಸಿಗುತ್ತಿದ್ದ ಉತ್ತರ, ಅವುಗಳ ಕಣ್ಣು ಮೋಸ ಹೋಗುತ್ತದೆ ಅನ್ನುವುದು. ನೀರಲ್ಲಿ ತೇಲುವ ಕ್ಯಾರಿಬ್ಯಾಗ್ ಆಮೆಗೆ ಜೆಲ್ಲಿ ಮೀನಿನ ಹಾಗೆ ಕಾಣುತ್ತದೆ ಅಂತ ಪಾಠಗಳಲ್ಲೂ ಓದಿದ್ದೇವೆ. ಅದು ಸುಳ್ಳಲ್ಲ. ಆದರೆ ಆಲ್ಬಟ್ರಾಸ್, ಪೆಟ್ರೆಲ್ ಬಳಗದ ಅನೇಕ ಕಡಲಹಕ್ಕಿಗಳು ಮೈಲುಗಟ್ಟಲೆ ದೂರದಿಂದ ಊಟ ಹುಡುಕುವುದು ಕಣ್ಣಿನಿಂದಲ್ಲ, ಮೂಗಿನಿಂದ. ಹಾಗಿದ್ದರೆ ಪ್ಲಾಸ್ಟಿಕ್‌ಗೆ ವಾಸನೆ ಇದೆಯಾ?

ಈ ಪ್ರಶ್ನೆ ಕೇಳಿದ್ದು ಒಬ್ಬ ಪಿಎಚ್‌ಡಿ ವಿದ್ಯಾರ್ಥಿ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನಲ್ಲಿ ಓದುತ್ತಿದ್ದ ಮ್ಯಾಥ್ಯೂ ಸವೋಕಾ. ಅವರ ಮಾರ್ಗದರ್ಶಕಿ ಗೇಬ್ರಿಯೆಲ್ ನೆವಿಟ್ ಆ ಹೊತ್ತಿಗಾಗಲೇ ಒಂದು ದೊಡ್ಡ ಸುಳಿವು ಕೊಟ್ಟಿದ್ದರು. ಸಮುದ್ರದ ಸೂಕ್ಷ್ಮ ಪಾಚಿಯನ್ನು ಸಿಗಡಿಯನ್ನು ಹೋಲುವ ಕ್ರಿಲ್‌ನಂಥ ಪುಟ್ಟ ಜೀವಿಗಳು ಮೇಯುವಾಗ ಡೈಮೀಥೈಲ್ ಸಲ್ಫೈಡ್ ಎಂಬ ಗಂಧಕದ ವಾಸನೆ ಹೊರಬರುತ್ತದೆ. ಅಲ್ಲಿ ಊಟ ಇದೆ ಅಂತ ಕೆಲವು ಹಕ್ಕಿಗಳಿಗೆ ಗೊತ್ತಾಗುವುದೇ ಆ ವಾಸನೆಯಿಂದ. ಸವೋಕಾ ಮಾಡಿದ್ದು ಕೇಳಲು ಸರಳ. ಮೂರು ಬಗೆಯ ಮಾಮೂಲಿ ಪ್ಲಾಸ್ಟಿಕ್ ಮಣಿಗಳನ್ನು ಜಾಲರಿ ಚೀಲದಲ್ಲಿ ಕಟ್ಟಿ, ಕ್ಯಾಲಿಫೋರ್ನಿಯಾ ಕರಾವಳಿಯ ಸಮುದ್ರದಲ್ಲಿ ತೇಲುಬುರುಡೆಗೆ ಕಟ್ಟಿಬಿಟ್ಟರು. ಸುಮಾರು ಮೂರು ವಾರ ಬಿಟ್ಟು ತೆಗೆದರು. ನಂತರ ಅದೇ ವಿಶ್ವವಿದ್ಯಾಲಯದಲ್ಲಿ ದ್ರಾಕ್ಷಾರಸದ ಪರಿಮಳ ಅಳೆಯುವ ರಸಾಯನ ವಿಜ್ಞಾನಿಗಳ ಬಳಿಗೆ ಒಯ್ದರು. ಗಂಧಕದ ವಾಸನೆ ಒಂಚೂರು ಇದ್ದರೂ ಹಿಡಿಯುವ ಯಂತ್ರ ಅವರ ಹತ್ತಿರ ಇತ್ತು. ಹೊಸ ಪ್ಲಾಸ್ಟಿಕ್‌ನಲ್ಲಿ ಆ ವಾಸನೆ ಇರಲಿಲ್ಲ. ಸಮುದ್ರದಲ್ಲಿದ್ದು ಬಂದ ಮೂರೂ ಬಗೆಯಲ್ಲಿ ಇತ್ತು.

ಅಂದರೆ ವಾಸನೆ ಪ್ಲಾಸ್ಟಿಕ್‌ನದಲ್ಲ. ಅದರ ಮೇಲೆ ಕೂತ ಪಾಚಿಯದು. ನೀರಿಗೆ ಬಿದ್ದ ಯಾವುದೇ ವಸ್ತುವಿನ ಮೇಲೆ ಕೆಲವೇ ದಿನಗಳಲ್ಲಿ ಲೋಳೆ ಕಟ್ಟುತ್ತದೆ, ಪಾಚಿ ಬೆಳೆಯುತ್ತದೆ. ಪ್ಲಾಸ್ಟಿಕ್ ಕೊಳೆಯುವುದಿಲ್ಲ, ಮುಳುಗುವುದೂ ತಡ. ಹಾಗಾಗಿ ಪಾಚಿಗೆ ಅದು ಒಳ್ಳೆಯ ತೆಪ್ಪ. 2016ರಲ್ಲಿ ಬಂದ ಆ ಪ್ರಬಂಧದಲ್ಲಿ ಇನ್ನೊಂದು ಲೆಕ್ಕವೂ ಇತ್ತು. ಈ ವಾಸನೆ ಹಿಡಿದು ಊಟ ಹುಡುಕುವ ಹಕ್ಕಿಗಳ ಹೊಟ್ಟೆಯಲ್ಲಿ, ಉಳಿದ ಹಕ್ಕಿಗಳಿಗಿಂತ ಸುಮಾರು ಆರು ಪಟ್ಟು ಜಾಸ್ತಿ ಸಲ ಪ್ಲಾಸ್ಟಿಕ್ ಸಿಕ್ಕಿದೆ ಅಂತ. ಆ ಲೆಕ್ಕಕ್ಕೆ ಬೇರೆ ಸಂಶೋಧಕರು ಮರುವರ್ಷವೇ ಆಕ್ಷೇಪ ಎತ್ತಿದರು. ಚರ್ಚೆ ನಡೆಯಿತು. ಅದು ಒಳ್ಳೆಯದೇ. ವಾಸನೆ ಇದೆ ಅಂತ ತೋರಿಸುವುದು ಬೇರೆ, ಆ ವಾಸನೆಗೇ ಪ್ರಾಣಿ ಹತ್ತಿರ ಬರುತ್ತದೆ ಅಂತ ತೋರಿಸುವುದು ಬೇರೆ. ಎರಡನೆಯದನ್ನು ತೋರಿಸಬೇಕಾದರೆ ಪ್ರಾಣಿಯನ್ನೇ ಕೇಳಬೇಕು.

ಸವೋಕಾ ತಂಡ ಹಾಗೆ ಕೇಳಿದ್ದು ಸ್ಯಾನ್ ಫ್ರಾನ್ಸಿಸ್ಕೋದ ಒಂದು ಅಕ್ವೇರಿಯಂನಲ್ಲಿ. ಅಲ್ಲಿ ಆಂಚೋವಿ ಮೀನುಗಳ ದೊಡ್ಡ ಗುಂಪು ಇತ್ತು. ನಮ್ಮ ಕರಾವಳಿಯಲ್ಲಿ ಕೊಲ್ಲತರು ಅಂತಾರಲ್ಲ, ಆ ಬಳಗದ ಸಣ್ಣ ಮೀನು. ತೊಟ್ಟಿಯ ಮೇಲೆ ಒಂದು ಕ್ಯಾಮೆರಾ ತೂಗುಬಿಟ್ಟರು. ಒಂದು ಸಲ ಕ್ರಿಲ್ ನೆನೆಸಿದ ನೀರು ಬಿಟ್ಟರು. ಒಂದು ಸಲ ಹೊಸ ಪ್ಲಾಸ್ಟಿಕ್ ನೆನೆಸಿದ ನೀರು. ಮತ್ತೊಂದು ಸಲ ಸಮುದ್ರದಲ್ಲಿದ್ದ ಹಳೇ ಪ್ಲಾಸ್ಟಿಕ್ ನೆನೆಸಿದ ನೀರು. ಇನ್ನೊಂದು ಸಲ ಏನೂ ಬೆರೆಸದ ಬರೀ ಸಮುದ್ರದ ನೀರು. ತೊಟ್ಟಿಗೆ ಪ್ಲಾಸ್ಟಿಕ್ ಹಾಕಲೇ ಇಲ್ಲ, ಗಮನಿಸಿ. ಬರೀ ವಾಸನೆ. ಊಟದ ವಾಸನೆ ಬಂದಾಗ ಮೀನುಗಳು ಒತ್ತಾಗಿ ಗುಂಪುಗೂಡಿ ಹುಡುಕಾಡಿದವು. ಹಳೇ ಪ್ಲಾಸ್ಟಿಕ್‌ನ ವಾಸನೆಗೂ ಹಾಗೇ ಮಾಡಿದವು. ಹೊಸ ಪ್ಲಾಸ್ಟಿಕ್‌ಗೆ ಹಾಗೆ ಮಾಡಲಿಲ್ಲ. ಆ ಪ್ರಬಂಧ 2017ರಲ್ಲಿ ಬಂತು. 2020ರಲ್ಲಿ ಬೇರೊಂದು ತಂಡ, ಮನುಷ್ಯರ ಆರೈಕೆಯಲ್ಲಿ ಬೆಳೆದ 15 ಲಾಗರ್‌ಹೆಡ್ ಕಡಲಾಮೆ ಮರಿಗಳಿಗೆ ಗಾಳಿಯಲ್ಲಿ ವಾಸನೆ ಬಿಟ್ಟು ನೋಡಿತು. ಅವೂ ಹಳೇ ಪ್ಲಾಸ್ಟಿಕ್ ವಾಸನೆಗೆ ಮೂಗನ್ನು ನೀರಿನ ಮೇಲೆ ಹಿಡಿದು ನಿಂತವು, ಊಟದ ವಾಸನೆಗೆ ನಿಂತ ಹಾಗೇ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಕಡಲ ಮಾಲಿನ್ಯದ ಬಗ್ಗೆ ನಮಗೆ ಗೊತ್ತಾದ ಈ ಮುಖ್ಯ ವಿಷಯವನ್ನು ಹೇಳಿಕೊಟ್ಟಿದ್ದು ತೊಟ್ಟಿಯಲ್ಲಿದ್ದ ಪ್ರಾಣಿಗಳು. ತೆರೆದ ಸಮುದ್ರದಲ್ಲಿ ಈ ಪ್ರಯೋಗ ಮಾಡಲಿಕ್ಕೇ ಆಗುತ್ತಿರಲಿಲ್ಲ. ಅಲೆ, ಬೆಳಕು, ಬೇಟೆಯಾಡುವ ದೊಡ್ಡ ಮೀನು, ನೂರೆಂಟು ವಾಸನೆ, ಯಾವುದಕ್ಕೆ ಮೀನು ತಿರುಗಿತು ಅಂತ ಹೇಳುವುದು ಹೇಗೆ? ತೊಟ್ಟಿಯಲ್ಲಿ ಎಲ್ಲವನ್ನೂ ಒಂದೇ ಥರ ಇಟ್ಟು ಒಂದನ್ನು ಮಾತ್ರ ಬದಲಾಯಿಸಬಹುದು.

ಆದರೆ ಸಣ್ಣ ಮೀನುಗಳು ಹೆದರಿದಾಗಲೂ ಒತ್ತಾಗಿ ಗುಂಪುಗೂಡುತ್ತವೆ. ಊಟದ ಆಸೆಯಾ, ಭಯವಾ? ಮೇಲಿಂದ ತೆಗೆದ ವಿಡಿಯೊದಲ್ಲಿ ಎರಡೂ ಒಂದೇ ಥರ ಕಾಣಬಹುದು. ಬರೀ ನೀರು, ಹೊಸ ಪ್ಲಾಸ್ಟಿಕ್, ನಿಜವಾದ ಊಟ, ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದಕ್ಕೇ ಆ ಪ್ರಯೋಗಕ್ಕೆ ಬೆಲೆ. ಈಗ ಅದೇ ಮೀನುಗಳು ಕೊಳಕು ನೀರಲ್ಲಿ, ಜಾಗ ಸಾಲದ ತೊಟ್ಟಿಯಲ್ಲಿ, ದಿನವಿಡೀ ಗಾಜು ಬಡಿಯುವ ಜನರ ಮುಂದೆ ಇದ್ದವು ಅಂದುಕೊಳ್ಳಿ. ಸದಾ ಬೆದರಿದ ಮೀನು ಊಟದ ವಾಸನೆಗೂ ತಿರುಗುವುದಿಲ್ಲ, ಅಥವಾ ಎಲ್ಲದಕ್ಕೂ ಬೆಚ್ಚುತ್ತದೆ. ಅಂಥ ಪ್ರಾಣಿಯಿಂದ ಬಂದ ಅಂಕಿಅಂಶ ಎಷ್ಟೇ ಅಂದವಾದ ಗ್ರಾಫ್‌ನಲ್ಲಿ ಕೂತರೂ ಪ್ರಯೋಜನವಿಲ್ಲ. ಹಾಗಾಗಿ ಪ್ರಾಣಿಯ ನೆಮ್ಮದಿ ಅನ್ನುವುದು ಬರೀ ದಯೆಯ ಪ್ರಶ್ನೆ ಅಲ್ಲ. ಅದು ವಿಜ್ಞಾನದ ಪ್ರಶ್ನೆಯೂ ಹೌದು. ಇದನ್ನು ನಮ್ಮ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಶುರುವಾಗುವ ಮೊದಲ ದಿನವೇ ಹೇಳಿಕೊಡಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಸರಿ, ಪ್ರಾಣಿ ನೆಮ್ಮದಿಯಾಗಿದೆ ಅಂತ ತಿಳಿಯುವುದು ಹೇಗೆ? ‘ಪಾಪ, ಬೇಜಾರಲ್ಲಿದೆ’ ಅನ್ನುವುದು ನಮ್ಮ ಊಹೆ. ಅದು ಸರಿಯೂ ಇರಬಹುದು, ತಪ್ಪೂ ಇರಬಹುದು. ಈ ಊಹೆಯನ್ನು ಎಣಿಕೆಗೆ ತರುವ ದಾರಿಯೊಂದಿದೆ. ಮೊದಲು ಆ ಪ್ರಾಣಿ ಮಾಡುವ ಎಲ್ಲ ಚಟುವಟಿಕೆಗಳ ಪಟ್ಟಿ ಮಾಡಬೇಕು: ನಡೆಯುವುದು, ಮಲಗುವುದು, ಮೂಸುವುದು, ತಿನ್ನುವುದು, ಒಂದೇ ಜಾಗದಲ್ಲಿ ಹಿಂದೆ ಮುಂದೆ ತೂಗುವುದು. ಪ್ರತಿಯೊಂದಕ್ಕೂ ಅಳತೆಗೋಲಿನಂಥ ವಿವರಣೆ ಬರೆದಿಡಬೇಕು. ಎಷ್ಟು ಹೆಜ್ಜೆ ಆದರೆ ನಡಿಗೆ? ಒಂದೇ ದಾರಿಯಲ್ಲಿ ಎಷ್ಟು ಸಲ ತಿರುಗಿದರೆ ಅದು ಗೀಳು? ಆಮೇಲೆ ಗೊತ್ತಾದ ಹೊತ್ತಿಗೆ, ಉದಾಹರಣೆಗೆ ಎರಡು ನಿಮಿಷಕ್ಕೊಮ್ಮೆ, ಆ ಕ್ಷಣ ಪ್ರಾಣಿ ಏನು ಮಾಡುತ್ತಿದೆ ಅನ್ನುವುದನ್ನು ಮಾತ್ರ ಗುರುತು ಹಾಕಬೇಕು. ನಡುವೆ ಏನೇ ಸ್ವಾರಸ್ಯ ನಡೆದರೂ ಬರೆಯುವ ಹಾಗಿಲ್ಲ. ಯಾಕಂದರೆ ನಮ್ಮ ಕಣ್ಣು ಸ್ವಾರಸ್ಯದ ಕಡೆಗೇ ಓಡುತ್ತದೆ. ಹುಲಿ ಘರ್ಜಿಸಿದ್ದು ನೆನಪಿರುತ್ತದೆ, ಅದು ಗೋಡೆ ಪಕ್ಕ ಸುಮ್ನೆ ಸುತ್ತಿದ ಗಂಟೆಗಟ್ಟಲೆ ಸಮಯ ನೆನಪಿರುವುದಿಲ್ಲ. ಒಂದೇ ಪ್ರಾಣಿಯನ್ನು ಇಬ್ಬರು ಬೇರೆಬೇರೆಯಾಗಿ ನೋಡಿ ಬರೆದರೆ ಇನ್ನೂ ಒಳ್ಳೆಯದು. ಇಬ್ಬರ ಹಾಳೆ ತಾಳೆಯಾಗದಿದ್ದರೆ ದೋಷ ಪ್ರಾಣಿಯದಲ್ಲ, ವಿವರಣೆಯದು.

ಗುರಿಯಿಲ್ಲದೆ ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವ ಈ ಗೀಳನ್ನು ಸ್ಟೀರಿಯೊಟೈಪಿ ಅನ್ನುತ್ತಾರೆ. ಸರಪಳಿ ಕಟ್ಟಿದ ಆನೆ ಅಕ್ಕಪಕ್ಕ ತೂಗುವುದನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ‘ಆನೆ ಕುಣಿಯುತ್ತಿದೆ’ ಅಂತ ಮಕ್ಕಳಿಗೆ ತೋರಿಸಿಯೂ ಇದ್ದೇವೆ. ಅದು ಕುಣಿತ ಅಲ್ಲ. ಇದರ ಬಗ್ಗೆ ನನಗೆ ತುಂಬ ಮುಖ್ಯ ಅನ್ನಿಸುವ ಅಧ್ಯಯನವೂ ಒಬ್ಬ ವಿದ್ಯಾರ್ಥಿಯ ಕೆಲಸದಿಂದಲೇ ಹುಟ್ಟಿದ್ದು. ಆಕ್ಸ್‌ಫರ್ಡ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ರಾಸ್ ಕ್ಲಬ್ ಎಂಬಾಕೆ, ಜಾರ್ಜಿಯಾ ಮೇಸನ್ ಅವರ ಜೊತೆ, ಮೃಗಾಲಯದ ಮಾಂಸಾಹಾರಿ ಪ್ರಾಣಿಗಳ ಲೆಕ್ಕ ತೆಗೆದರು. ಕೆಲವು ಜಾತಿಗಳು ಬೋನಿನಲ್ಲಿ ಆರಾಮಾಗಿ ಇರುತ್ತವೆ, ಕೆಲವು ದಿನವಿಡೀ ಸುತ್ತುತ್ತವೆ, ಮರಿಗಳು ಉಳಿಯುವುದಿಲ್ಲ. ಈ ವ್ಯತ್ಯಾಸ ಯಾಕೆ? ಬೇಟೆಯಾಡಲು ಆಗದ ಸಂಕಟ ಇರಬಹುದು ಅನ್ನುವುದು ಆಗ ಹಲವರ ನಂಬಿಕೆ. ಲೆಕ್ಕ ಬೇರೆಯೇ ಹೇಳಿತು. ಕಾಡಿನಲ್ಲಿ ಎಷ್ಟು ವಿಶಾಲ ಪ್ರದೇಶದಲ್ಲಿ ಅಲೆಯುವ ಜಾತಿಯೋ, ಸೆರೆಯಲ್ಲಿ ಅದಕ್ಕೆ ಅಷ್ಟೇ ಜಾಸ್ತಿ ಕಷ್ಟ. ಪಟ್ಟಿಯ ಮೇಲ್ತುದಿಯಲ್ಲಿದ್ದದ್ದು ಹಿಮಕರಡಿ. ಅದಕ್ಕೆ ಸಾಮಾನ್ಯವಾಗಿ ಸಿಗುವ ಆವರಣ, ಅದು ಸ್ವಾಭಾವಿಕವಾಗಿ ಅಲೆಯುವ ಕನಿಷ್ಠ ಪ್ರದೇಶದ ಹತ್ತು ಲಕ್ಷದಲ್ಲಿ ಒಂದು ಪಾಲು. 2003ರಲ್ಲಿ ಇದು ‘ನೇಚರ್’ ಪತ್ರಿಕೆಯಲ್ಲಿ ಬಂದಾಗ ಕೊಟ್ಟ ಸಲಹೆ ನೇರವಾಗಿತ್ತು: ಇಂಥ ಪ್ರಾಣಿಗಳಿಗೆ ಬೇರೆ ಥರದ ಆವರಣ ಕಟ್ಟಬೇಕು, ಇಲ್ಲವೇ ಅವುಗಳನ್ನು ಇಟ್ಟುಕೊಳ್ಳುವುದನ್ನೇ ಬಿಡಬೇಕು.

ಇದಕ್ಕಾಗಿ ಆಕೆ ಒಂದು ಪ್ರಾಣಿಯನ್ನೂ ಹೊಸದಾಗಿ ಹಿಡಿಯಬೇಕಾಗಿರಲಿಲ್ಲ. ಬೇರೆಯವರು ಆಗಲೇ ನೋಡಿ ಬರೆದಿಟ್ಟದ್ದನ್ನು ಒಟ್ಟುಗೂಡಿಸಿ, ಸರಿಯಾದ ಪ್ರಶ್ನೆ ಕೇಳಿದ್ದು ಅಷ್ಟೇ.

ಭಾರತದಲ್ಲಿ ಡಾಲ್ಫಿನ್‌ಗಳ ವಿಷಯದಲ್ಲಿ, ಇಟ್ಟುಕೊಳ್ಳುವುದನ್ನೇ ಬಿಡುವ ಎರಡನೇ ದಾರಿಯನ್ನು ಹಿಡಿಯಲಾಯಿತು. 1998ರಲ್ಲಿ ಚೆನ್ನೈ ಬಳಿಯ ಒಂದು ಪಾರ್ಕಿಗೆ ಬಲ್ಗೇರಿಯಾದಿಂದ ತಂದ ಡಾಲ್ಫಿನ್‌ಗಳು ಕೆಲವೇ ತಿಂಗಳಲ್ಲಿ ಸತ್ತವು. 2013ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ, ಮನರಂಜನೆಗಾಗಿ ಡಾಲ್ಫಿನ್ ಪ್ರದರ್ಶನ ಕೇಂದ್ರಗಳನ್ನು ಕಟ್ಟಲು ಅವಕಾಶ ಕೊಡಬಾರದು ಅಂತ ರಾಜ್ಯಗಳಿಗೆ ಸೂಚಿಸಿತು. ದಿನಕ್ಕೆ ಹತ್ತಾರು ಕಿಲೋಮೀಟರ್ ಈಜುವ, ಸದ್ದಿನ ಪ್ರತಿಧ್ವನಿಯಿಂದ ಲೋಕ ಅರಿಯುವ ಪ್ರಾಣಿಗೆ ಸಿಮೆಂಟ್ ತೊಟ್ಟಿ ಎಷ್ಟು ದೊಡ್ಡದಿದ್ದರೆ ಸಾಕು? ಸಾಕಾಗುವ ಅಳತೆ ಇಲ್ಲ ಅಂತಲೇ ನನ್ನ ಅಭಿಪ್ರಾಯ.

ಗೀಳಿನ ಎಣಿಕೆಯಲ್ಲೂ ಒಂದು ಬಲೆ ಇದೆ. ಈಗ ಒಳ್ಳೆಯ ಜಾಗದಲ್ಲಿರುವ ಪ್ರಾಣಿಯೂ ಹಿಂದಿನ ಕೆಟ್ಟ ಬದುಕಿನ ಅಭ್ಯಾಸವಾಗಿ ಸುತ್ತುತ್ತಿರಬಹುದು. ಅದು ಹಳೇ ಗಾಯದ ಕಲೆ. ಇನ್ನೂ ವಿಚಿತ್ರ ಅಂದರೆ, ಕೆಟ್ಟ ಜಾಗದಲ್ಲಿ ಸುತ್ತುವ ಪ್ರಾಣಿಗಿಂತ ಸುಮ್ಮನೆ ಮೂಲೆಯಲ್ಲಿ ಕೂತ ಪ್ರಾಣಿಯ ಸ್ಥಿತಿ ಕೆಲವೊಮ್ಮೆ ಇನ್ನೂ ಹದಗೆಟ್ಟಿರುತ್ತದೆ. ಹಾಗಾಗಿ ಒಂದೇ ಸೂಚನೆಯ ಮೇಲೆ ತೀರ್ಪು ಕೊಡಬಾರದು. ಲದ್ದಿಯಲ್ಲಿ ಒತ್ತಡದ ಹಾರ್ಮೋನಿನ ಅಂಶ ಅಳೆಯುವುದು ಇನ್ನೊಂದು ದಾರಿ. ಸೂಜಿ ಚುಚ್ಚಬೇಕಿಲ್ಲ, ಪ್ರಾಣಿಯನ್ನು ಮುಟ್ಟಲೂಬೇಕಿಲ್ಲ. ನಮ್ಮಲ್ಲಿ ಕಾಡಾನೆಗಳ ಮೇಲೂ ಸಾಕಾನೆಗಳ ಮೇಲೂ ಈ ವಿಧಾನದಲ್ಲಿ ಕೆಲಸ ನಡೆದಿದೆ. ಆದರೆ ಒತ್ತಡದ ಹಾರ್ಮೋನು ಖುಷಿಯ ಉದ್ರೇಕದಲ್ಲೂ ಏರುತ್ತದೆ, ಬೆದೆಗೆ ಬಂದಾಗಲೂ ಏರುತ್ತದೆ. ವರ್ತನೆ, ಹಾರ್ಮೋನು, ತೂಕ, ಮರಿಗಳು ಬದುಕುಳಿಯುವುದು, ಇಷ್ಟನ್ನೂ ಒಟ್ಟಿಗೆ ಓದಿದರೆ ಚಿತ್ರ ಸ್ಪಷ್ಟವಾಗುತ್ತದೆ.

ಈಗ ಸಮುದ್ರದ ಕಡೆಗೆ ಬರೋಣ. ಅಲ್ಲೂ ತೊಂದರೆ ಇಂಥದ್ದೇ: ಕಣ್ಣಿಗೆ ಕಂಡದ್ದನ್ನು ನಂಬುವ ಹಾಗಿಲ್ಲ.

ಬ್ರಿಟನ್ನಿನ ಕಡಲ ವಿಜ್ಞಾನಿ ರಿಚರ್ಡ್ ಥಾಂಪ್ಸನ್ 1993ರಲ್ಲಿ ಪಿಎಚ್‌ಡಿ ವಿದ್ಯಾರ್ಥಿಯಾಗಿದ್ದಾಗ ಐಲ್ ಆಫ್ ಮ್ಯಾನ್ ದ್ವೀಪದ ಕಡಲತೀರ ಸ್ವಚ್ಛ ಮಾಡಲು ಹೋಗಿದ್ದರು. ಎಲ್ಲರೂ ದೊಡ್ಡ ಬಾಟಲಿ, ಬಲೆ ಹೆಕ್ಕುತ್ತಿದ್ದರೆ, ಅವರ ಕಣ್ಣಿಗೆ ಬಿದ್ದದ್ದು ಮರಳಿನಲ್ಲಿ ಬೆರೆತಿದ್ದ ಬಣ್ಣಬಣ್ಣದ ಚೂರುಗಳು. ಯಾವ ಪಟ್ಟಿಗೂ ಸೇರದ ಚೂರುಗಳು. ಆ ಎಳೆ ಹಿಡಿದು ಹೋಗಿ 2004ರಲ್ಲಿ ಅವರು ಬರೆದ ಪ್ರಬಂಧವೇ ‘ಮೈಕ್ರೋಪ್ಲಾಸ್ಟಿಕ್’ ಎಂಬ ಮಾತನ್ನು ಜಗತ್ತಿನ ಬಾಯಿಗೆ ತಂದದ್ದು. ಈಗ 5 ಮಿಲಿಮೀಟರ್‌ಗಿಂತ ಚಿಕ್ಕ ಚೂರಿಗೆಲ್ಲ ಆ ಹೆಸರು. ಅವರ ಬಳಿ ಪ್ಲಿಮತ್ ವಿಶ್ವವಿದ್ಯಾಲಯದಲ್ಲಿ ಓದಿದ ಮಾರ್ಕ್ ಬ್ರೌನ್ ಎಂಬ ವಿದ್ಯಾರ್ಥಿ, ಆರು ಖಂಡಗಳ 18 ಕಡಲತೀರಗಳ ಮಣ್ಣು ಪರೀಕ್ಷಿಸಿದರು. ಬಾಟಲಿ ಚೂರಿಗಿಂತ ಜಾಸ್ತಿ ಸಿಕ್ಕಿದ್ದು ಬಟ್ಟೆಯ ನೂಲು. ವಾಷಿಂಗ್ ಮೆಷಿನ್‌ನಲ್ಲಿ ಒಗೆದು ನೋಡಿದರು. ಒಂದೇ ಒಂದು ಉಡುಪು ಒಂದು ಒಗೆತಕ್ಕೆ 1,900ಕ್ಕೂ ಹೆಚ್ಚು ಎಳೆ ಉದುರಿಸಬಹುದು ಅಂತ 2011ರಲ್ಲಿ ಬರೆದರು. ಅದೇ ಪ್ರಯೋಗಾಲಯದ ಮತ್ತೊಬ್ಬ ಪಿಎಚ್‌ಡಿ ವಿದ್ಯಾರ್ಥಿನಿ ಇಮೋಜನ್ ನ್ಯಾಪರ್, ಮುಖ ಉಜ್ಜುವ ಸ್ಕ್ರಬ್‌ಗಳಲ್ಲಿದ್ದ ಪ್ಲಾಸ್ಟಿಕ್ ಮಣಿಗಳನ್ನು ಎಣಿಸಿದರು. ಒಂದು ಸಲ ಮುಖ ತೊಳೆದರೆ 4,594ರಿಂದ 94,500 ಮಣಿಗಳು ಚರಂಡಿ ಸೇರಬಹುದು ಅಂತ ತೋರಿಸಿದರು. ಬ್ರಿಟನ್ 2018ರಲ್ಲಿ ತೊಳೆದು ಬಿಡುವ ಇಂಥ ಸರಕುಗಳಲ್ಲಿ ಮಣಿಗಳನ್ನು ನಿಷೇಧಿಸಿತು. ವಿದ್ಯಾರ್ಥಿಯ ಎಣಿಕೆ ಕಾನೂನಿನ ಚರ್ಚೆಯವರೆಗೂ ತಲುಪಿತು.

ಈ ಎಣಿಕೆ ಹೇಗೆ? ಮರಳಿನಿಂದ ಪ್ಲಾಸ್ಟಿಕ್ ಬೇರ್ಪಡಿಸಲು ಉಪ್ಪು ನೀರು ಸಾಕು. ಅಡುಗೆ ಉಪ್ಪನ್ನು ಇನ್ನು ಕರಗುವುದಿಲ್ಲ ಅನ್ನುವವರೆಗೆ ನೀರಿಗೆ ಬೆರೆಸಿದರೆ, ಬರೀ ನೀರಿನ ಸಾಂದ್ರತೆ 1 ಅಂತ ಹಿಡಿದರೆ, ಅದರದು ಸುಮಾರು 1.2 ಆಗುತ್ತದೆ. ಮರಳಿನದು 2.65, ತಳಕ್ಕೆ ಕೂರುತ್ತದೆ. ಕ್ಯಾರಿಬ್ಯಾಗಿನ ಪಾಲಿಥೀನ್, ಹಗ್ಗದ ಪಾಲಿಪ್ರೊಪಿಲೀನ್, ಥರ್ಮೊಕೋಲ್, ನೈಲಾನ್, ಎಲ್ಲ ಮೇಲೆ ತೇಲುತ್ತವೆ. ಆದರೆ ನೀರಿನ ಬಾಟಲಿಯ ಮತ್ತು ಪಾಲಿಯೆಸ್ಟರ್ ಬಟ್ಟೆಯ ಪ್ಲಾಸ್ಟಿಕ್ ಒಂದೇ ಜಾತಿ, ಸಾಂದ್ರತೆ 1.38ರ ಆಸುಪಾಸು. ಪಿವಿಸಿಯೂ ಹಾಗೇ ಭಾರ. ಇವು ಮರಳಿನ ಜೊತೆ ಮುಳುಗಿ ಲೆಕ್ಕದಿಂದ ತಪ್ಪಿಸಿಕೊಳ್ಳಬಹುದು. ಸತುವಿನ ಕ್ಲೋರೈಡ್ ಬಳಸಿದರೆ ಅವೂ ತೇಲುತ್ತವೆ. ಆದರೆ ಅದು ಜಲಚರಗಳಿಗೆ ವಿಷ, ಸಿಂಕಿಗೆ ಚೆಲ್ಲುವ ಹಾಗಿಲ್ಲ. ಉಪ್ಪು ನೀರಿನಲ್ಲೇ ಮಾಡಿ, ‘ಭಾರದ ಪ್ಲಾಸ್ಟಿಕ್ ಈ ಲೆಕ್ಕದಲ್ಲಿಲ್ಲ’ ಅಂತ ಬರೆದರೆ ಅದು ಪ್ರಾಮಾಣಿಕ ಕೆಲಸ.

ದೊಡ್ಡ ಶತ್ರು ಇರುವುದು ಲ್ಯಾಬಿನ ಗಾಳಿಯಲ್ಲಿ. ನೀವು ತೊಟ್ಟ ಪಾಲಿಯೆಸ್ಟರ್ ಶರ್ಟು, ದುಪ್ಪಟ್ಟಾ, ಕಿಟಕಿಯ ಪರದೆ, ಎಲ್ಲದರಿಂದ ಎಳೆಗಳು ಉದುರುತ್ತಲೇ ಇರುತ್ತವೆ. ಸೂಕ್ಷ್ಮದರ್ಶಕದಲ್ಲಿ ಕಂಡ ನೀಲಿ ನೂಲು ಸಮುದ್ರದ್ದಾ, ನಿಮ್ಮ ಜೀನ್ಸಿನದ್ದಾ? ಅದಕ್ಕೇ ಹತ್ತಿಯ ಕೋಟು, ಗಾಜಿನ ಪಾತ್ರೆ, ಮುಚ್ಚಳ. ಇದರ ಜೊತೆಗೆ ಒಂದು ಖಾಲಿ ಮಾದರಿ ಇರಲೇಬೇಕು. ಮರಳು ಹಾಕದ ಶುದ್ಧ ನೀರನ್ನು ಅದೇ ಮೇಜಿನ ಮೇಲೆ, ಅಷ್ಟೇ ಹೊತ್ತು ಇಟ್ಟು, ಅದೇ ಥರ ಸೋಸಿ ನೋಡುವುದು. ಉದಾಹರಣೆಗೆ ಮರಳಿನಲ್ಲಿ 12 ನೂಲು ಸಿಕ್ಕು ಖಾಲಿ ಮಾದರಿಯಲ್ಲಿ 10 ಸಿಕ್ಕರೆ, ನೀವು ಅಳೆದದ್ದು ಕಡಲತೀರವನ್ನಲ್ಲ, ನಿಮ್ಮ ಲ್ಯಾಬನ್ನು. ಆಂಚೋವಿಗಳಿಗೆ ಬರೀ ಸಮುದ್ರದ ನೀರು ಬಿಟ್ಟು ನೋಡಿದ್ದೂ ಇದೇ ಕಾರಣಕ್ಕೆ.

ಎಲ್ಲಿಂದ ಮರಳು ತೆಗೆಯಬೇಕು ಅನ್ನುವುದರಲ್ಲೂ ಜನ ಎಡವುತ್ತಾರೆ. ಕಸ ಜಾಸ್ತಿ ಇರುವ ಕಡೆಯೇ ಕೈ ಹೋಗುತ್ತದೆ. ಬದಲಿಗೆ ಉಬ್ಬರದ ಗೆರೆಯುದ್ದಕ್ಕೂ ಮೊದಲೇ ಚೀಟಿ ಎತ್ತಿ ಗೊತ್ತು ಮಾಡಿದ ಜಾಗದಲ್ಲಿ ಚೌಕಟ್ಟು ಇಡಬೇಕು. ಅಲ್ಲಿ ಏನೂ ಇಲ್ಲದಿದ್ದರೆ ‘ಸೊನ್ನೆ’ ಅಂತ ಬರೆಯಬೇಕು. ಆ ಸೊನ್ನೆಗೆ ಎಷ್ಟು ಬೆಲೆ ಇದೆ ಅಂತ 2025ರಲ್ಲಿ ನಮ್ಮ ಪಕ್ಕದಲ್ಲೇ ಕಂಡಿತು. ಮೇ 25ರಂದು ಎಂಎಸ್‌ಸಿ ಎಲ್ಸಾ 3 ಎಂಬ ಹಡಗು ಕೊಚ್ಚಿಯ ಆಚೆ ಮುಳುಗಿತು. ಕಂಟೇನರ್‌ಗಳಲ್ಲಿದ್ದ ಪ್ಲಾಸ್ಟಿಕ್ ಕಾಳುಗಳು, ಅಂದರೆ ಕಾರ್ಖಾನೆಗೆ ಕಚ್ಚಾ ಸರಕಾಗಿ ಹೋಗುವ ನರ್ಡಲ್‌ಗಳು, ತಿರುವನಂತಪುರದ ತೀರಗಳಲ್ಲಿ ರಾಶಿಯಾಗಿ ಬಿದ್ದವು. ಇಂಥ ಕಾಳು ನಾಳೆ ಕಾರವಾರದಲ್ಲೋ ಸೋಮೇಶ್ವರದಲ್ಲೋ ಸಿಕ್ಕರೆ, ಅದು ಹೊಸದಾ, ಮೊದಲೇ ಇತ್ತಾ? ಹಿಂದೆ ಯಾರಾದರೂ ಎಣಿಸಿಟ್ಟಿದ್ದರೆ ಮಾತ್ರ ಉತ್ತರ ಹೇಳಬಹುದು. ಪರಿಹಾರ ಕೇಳುವ ಮೀನುಗಾರರಿಗೂ ಆ ಹಳೇ ಎಣಿಕೆ ಬೇಕು. ಪ್ರತಿ ತಿಂಗಳು ಅದೇ ಜಾಗ, ಅದೇ ಚೌಕಟ್ಟು, ಅದೇ ವಿಧಾನ, ಈ ಕೆಲಸಕ್ಕೆ ಕರಾವಳಿಯ ಕಾಲೇಜುಗಳಿಗಿಂತ ಒಳ್ಳೆಯ ಜಾಗ ಇಲ್ಲ.

ಇಷ್ಟಾದ ಮೇಲೆ ಕಷ್ಟದ ಪ್ರಶ್ನೆ ಬರುತ್ತದೆ. ಪ್ಲಾಸ್ಟಿಕ್ ಪ್ರಾಣಿಗೆ ಏನು ಮಾಡುತ್ತದೆ ಅಂತ ತಿಳಿಯಲು, ತೊಟ್ಟಿಯಲ್ಲಿರುವ ಪ್ರಾಣಿಗೆ ಪ್ಲಾಸ್ಟಿಕ್ ತಿನ್ನಿಸಬೇಕಾ? ಬ್ರೌನ್ 2008ರಲ್ಲಿ ಮಸೆಲ್‌ಗಳ ಮೇಲೆ ಹಾಗೆ ಮಾಡಿದ್ದರು. ಮಂಗಳೂರು ಕಡೆ ಪಚ್ಚಿಲೆ ಅಂತಾರಲ್ಲ, ಆ ಬಳಗದ ಚಿಪ್ಪುಜೀವಿ. ನುಂಗಿದ ಸೂಕ್ಷ್ಮ ಕಣಗಳು ಮೂರು ದಿನದೊಳಗೆ ಹೊಟ್ಟೆಯಿಂದ ಅದರ ರಕ್ತದಂಥ ದ್ರವಕ್ಕೆ ದಾಟಿದವು, 48 ದಿನ ಕಳೆದರೂ ಅಲ್ಲೇ ಇದ್ದವು. ಈ ಮಾಹಿತಿ ಬೇರೆ ದಾರಿಯಲ್ಲಿ ಸಿಗುತ್ತಿರಲಿಲ್ಲ. ಆದರೆ ಆಮೇಲೆ ಬಂದ ಎಷ್ಟೋ ಪ್ರಯೋಗಗಳಲ್ಲಿ, ಸಮುದ್ರದಲ್ಲಿ ಇರುವುದಕ್ಕಿಂತ ಬಹಳ ಜಾಸ್ತಿ ಪ್ರಮಾಣ ಬಳಸಿದ್ದಾರೆ. ಸಮುದ್ರದಲ್ಲಿ ಜಾಸ್ತಿ ಇರುವುದು ನೂಲು ಮತ್ತು ಚೂರು, ಲ್ಯಾಬಿನಲ್ಲಿ ಹಾಕುವುದು ನುಣುಪಾದ ದುಂಡು ಮಣಿ. ಅಲ್ಲಿ ಮೀನು ಸತ್ತರೆ ಸಮುದ್ರದ ಬಗ್ಗೆ ನಮಗೆ ತಿಳಿಯುವುದು ಕಡಿಮೆ, ಮೀನು ಸತ್ತದ್ದು ಮಾತ್ರ ನಿಜ. ಅಂಥ ಸಾವು ನನಗೆ ಒಪ್ಪಿಗೆಯಿಲ್ಲ.

1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ವಿಜ್ಞಾನಿಗಳು ಇದಕ್ಕೆ ಮೂರು ಪ್ರಶ್ನೆ ಹೇಳಿಕೊಟ್ಟರು. ಪ್ರಾಣಿ ಇಲ್ಲದೆ ಮಾಡಬಹುದಾ? ಕಡಿಮೆ ಪ್ರಾಣಿಗಳಲ್ಲಿ ಮುಗಿಯುತ್ತದಾ? ಬಳಸಲೇಬೇಕಾದರೆ ನೋವು ಕಡಿಮೆ ಮಾಡುವುದು ಹೇಗೆ? ಆಂಚೋವಿ ಪ್ರಯೋಗ ಮೂರನೆಯದಕ್ಕೆ ಒಳ್ಳೆಯ ಉತ್ತರ. ಪ್ಲಾಸ್ಟಿಕ್ ತಿನ್ನಿಸದೆ ಬರೀ ವಾಸನೆ ತೋರಿಸಿ ಬೇಕಾದ್ದು ತಿಳಿದುಕೊಂಡರು. ಹಿಮಕರಡಿಯ ಲೆಕ್ಕ ಮೊದಲನೆಯದಕ್ಕೆ.

ನಮ್ಮ ಕರಾವಳಿಯ ವಿದ್ಯಾರ್ಥಿಗೆ ಮೊದಲನೆಯ ದಾರಿ ಇನ್ನೂ ಸುಲಭ. ಬಂಗುಡೆ, ಬೂತಾಯಿ ಮೀನು ಪ್ಲಾಸ್ಟಿಕ್ ನುಂಗುತ್ತಿದೆಯಾ ಅಂತ ನೋಡಲು ಒಂದು ಮೀನನ್ನೂ ಕೊಲ್ಲಬೇಕಿಲ್ಲ. ಮಲ್ಪೆಯಲ್ಲೋ ಮಂಗಳೂರಿನ ದಕ್ಕೆಯಲ್ಲೋ ಮೀನು ಕತ್ತರಿಸುವ ಹೆಂಗಸರು ಎಸೆಯುವ ಕರುಳನ್ನು ಕೇಳಿ ಪಡೆದರೆ ಸಾಕು. ಯಾವ ದೋಣಿ, ಯಾವ ದಿನ, ಎಷ್ಟು ದೂರದಲ್ಲಿ ಹಿಡಿದ ಮೀನು ಅಂತ ಅವರನ್ನೇ ವಿಚಾರಿಸಿ ಬರೆದುಕೊಳ್ಳಿ. ಗಾಜಿನ ಜಾರ್ ಒಯ್ಯಿರಿ, ಪ್ಲಾಸ್ಟಿಕ್ ಚೀಲ ಬೇಡ. ಖಾಲಿ ಜಾರ್ ಒಂದನ್ನು ಮುಚ್ಚಳ ತೆಗೆದು ಪಕ್ಕದಲ್ಲೇ ಇಡಿ, ಕತ್ತರಿಸುವ ಜಾಗದ ಗಾಳಿಯಿಂದ ಎಷ್ಟು ನೂಲು ಬೀಳುತ್ತದೆ ಅನ್ನುವುದೂ ಲೆಕ್ಕಕ್ಕೆ ಬೇಕು.